ಮೇವಿನ ನೆಲವೂ ಸೀಸಕವಿಷವೂ

(ಶ್ರೀಮಠದ ಅಮೃತಮಹೋತ್ಸವದ ಅಂಗವಾಗಿ ಜರುಗಿದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವ ಸಮಿತಿಯವರು ಷಟ್‌ಸ್ಥಲ ಸಿದ್ಧಾಂತವನ್ನು ಕುರಿತು ಮಾತನಾಡಬೇಕೆಂದು ನನಗೆ ತಿಳಿಸಿದ್ದರು. ಮೂವತ್ತು ವರ್ಷಗಳಿಂದ ಪಾಠಶಾಲೆಯಲ್ಲಿ ಅದನ್ನೇ ಹೇಳಿಕೊಂಡು ಬಂದವನಿಗೆ ಅದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಮಠಕ್ಕೆ ಅನತಿದೂರದ ಬಯಲಿನಲ್ಲಿ ನಡೆದ ಒಂದು ಸಂಗತಿಯು ನನ್ನ ಮನಸ್ಸನ್ನು ಬಿಡದೆ ಕಾಡುತ್ತಿದೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಉಂಟು. ಶ್ರೀಗಳವರ ಸನ್ನಿಧಿಯಲ್ಲಿ ಇದನ್ನು ಅರಿಕೆಮಾಡಿಕೊಂಡಾಗ, “ಹಾಗಾದರೆ ಅದನ್ನೇ ಹೇಳಿರಿ, ಉತ್ಸವದ ದಿನವೆಂದು ಮುಚ್ಚಿಡಬೇಡಿರಿ” ಎಂದು ಅಪ್ಪಣೆ ದಯಪಾಲಿಸಿದರು. ಆದಕಾರಣ ಇಂದು ನಾನು ಹೇಳತಕ್ಕ ವಿಷಯವು ಹುಲ್ಲು, ಕುರಿ ಮತ್ತು ಸೀಸ ಎಂಬ ಮೂರನ್ನು ಕುರಿತದ್ದಾಗಿದೆ. ಮಠದ ವೇದಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಸಂದೇಹ ತೋರಬಹುದು. ಕೊನೆಯವರೆಗೆ ಕೇಳಿ ತಾವೇ ನಿರ್ಣಯಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಮೊದಲು ಕುರಿಯ ಮಾತು. ಮೇಯುವ ಪ್ರಾಣಿಗಳೂ ಅವುಗಳನ್ನು ಕಾಯುವವರೂ ಶರಣಪರಂಪರೆಗೆ ಹೊರಗಿನವರಲ್ಲ. ತುರುಗಾಹಿ ರಾಮಣ್ಣನು ದನ ಕಾಯುವ ಕಾಯಕದಿಂದಲೇ ಶರಣನೆನಿಸಿದವನು. ಸಿಂದಗಿ ತಾಲ್ಲೂಕಿನ ಗೋಲಗೇರಿಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ವೀರಗೊಲ್ಲಾಳನು ಕುರಿಗಾಹಿ. ಲಿಂಗವನ್ನು ತಂದುಕೊಡಿರೆಂದು ಹಂಬಲಿಸಿದ ಆ ಮುಗ್ಧನ ಕೈಗೆ ದೊರೆತದ್ದು ಕುರಿಯ ಹಿಕ್ಕೆಯೆಂದೂ, ಅವನ ನಿಷ್ಠೆಯಿಂದ ಅದೇ ಲಿಂಗವಾಯಿತೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಬ್ಬದ ದಿನ ಬಲಿಗೆಂದು ತಂದು ಕಟ್ಟಿದ ಕುರಿಯು ತನ್ನ ಸಾವನ್ನರಿಯದೆ ಎದುರಿಗಿದ್ದ ಹಸಿರೆಲೆಗೆ ಬಾಯಿಹಾಕಿದುದನ್ನು ಕಂಡು ಬಸವಣ್ಣನವರು ಮರುಗಿದ ವಚನವು ನಿಮ್ಮೆಲ್ಲರಿಗೂ ಬಾಯಿಪಾಠವಾಗಿರುವುದು. ಆ ಕುರಿಗೆ ಕೊಲ್ಲುವ ಆಯುಧವು ಬೇರೆಯವರ ಕೈಯಲ್ಲಿತ್ತು; ತಿಂದ ಎಲೆಯಾದರೋ ನಿರ್ದೋಷವಾದುದಾಗಿತ್ತು. ಇಂದು ನಾನು ಹೇಳಹೊರಟಿರುವ ಕುರಿಗಳಿಗೆ ಆಯುಧವು ಮೇವಿನಲ್ಲಿಯೇ ಇತ್ತು.

ಇನ್ನು ಸೀಸದ ವಿಷಯ. ಅಮರಸಿಂಹನು ತನ್ನ ಕೋಶದಲ್ಲಿ ಇದಕ್ಕೆ ನಾಗ, ಸೀಸಕ, ಯೋಗೇಷ್ಟ, ವಪ್ರ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ನಾಗವೆಂಬ ಹೆಸರೇ ಎಚ್ಚರಿಕೆಯಂತೆ ನನಗೆ ತೋರುತ್ತದೆ. ಕೊಯ್ದ ಒಡನೆ ಬೆಳ್ಳಿಯಂತೆ ಹೊಳೆದು, ಕ್ಷಣದಲ್ಲಿಯೇ ಬೂದಿಬಣ್ಣಕ್ಕೆ ತಿರುಗುವ ಈ ಲೋಹವು ನೀರಿಗಿಂತ ಹನ್ನೊಂದು ಪಟ್ಟಿಗೂ ಮಿಕ್ಕ ತೂಕವುಳ್ಳದ್ದು; ಉಗುರಿನಿಂದ ಗೀರಬಹುದಾದಷ್ಟು ಮೆತ್ತನೆಯದು; ೩೨೭ ಡಿಗ್ರಿ ಶಾಖಕ್ಕೆ ಕರಗತಕ್ಕದ್ದು. ಅಂದರೆ ಸೌದೆ ಒಲೆಯೂ ಒಂದು ಬಾಂಡಲಿಯೂ ಇದ್ದರೆ ಸಾಕು, ಯಾರಾದರೂ ಕರಗಿಸಬಹುದು. ಹೀಗೆ ಸುಲಭವಾಗಿ ಪಳಗುವುದರಿಂದಲೇ ಮನುಷ್ಯನು ಇದನ್ನು ಕೊಳವೆಗೂ, ಬೆಸುಗೆಗೂ, ಬಣ್ಣಕ್ಕೂ, ಅಚ್ಚಿನ ಮೊಳೆಗೂ, ಬಂದೂಕಿನ ಗುಂಡಿಗೂ ಬಳಸಿದನು. ಸಫೇತವೆಂಬ ಬಿಳಿಯ ಬಣ್ಣವೂ, ಸಿಂಧೂರವೆಂದು ಮಾರುವ ಕೆಂಪು ಪುಡಿಗಳಲ್ಲಿ ಕೆಲವೂ ಸೀಸದಿಂದ ಹುಟ್ಟಿದವುಗಳೇ. ಶೋಧನೆಯಿಲ್ಲದ ನಾಗವು ರೋಗಗಳಿಗೆ ಮೂಲವೆಂದು ನಮ್ಮ ರಸಶಾಸ್ತ್ರಕಾರರು ಸ್ಪಷ್ಟವಾಗಿ ಹೇಳಿದ್ದಾರೆ. ಇಂದಿನ ವೈದ್ಯರಾದರೋ ನಾಗಭಸ್ಮದ ವಿಷಯದಲ್ಲಿಯೂ ಎಚ್ಚರಿಕೆಯ ಮಾತನ್ನು ಹೇಳುತ್ತಾರೆ. ಶರೀರಕ್ಕೆ ಸೀಸದಿಂದ ಯಾವ ಪ್ರಯೋಜನವೂ ಇಲ್ಲವೆಂಬುದೂ, ಇಷ್ಟರವರೆಗೆ ಹಾನಿಯಿಲ್ಲವೆಂದು ಹೇಳಬಹುದಾದ ಪ್ರಮಾಣವು ಯಾವುದೂ ಇಲ್ಲವೆಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯವಾಗಿದೆ.

ಈ ಲೋಹದ ಒಂದು ಗುಣವನ್ನು ತಾವು ವಿಶೇಷವಾಗಿ ಗಮನಿಸಬೇಕು. ಸೆಗಣಿ ಬಿದ್ದರೆ ಗೊಬ್ಬರವಾಗುವುದು. ಎಲೆ ಬಿದ್ದರೆ ಮಣ್ಣಾಗುವುದು. ಶವವೂ ಕಾಲಕ್ರಮದಲ್ಲಿ ಭೂಮಿಯಲ್ಲಿ ಒಂದಾಗುವುದು. ಸೀಸವು ಹಾಗೆ ಜೀರ್ಣವಾಗತಕ್ಕದ್ದಲ್ಲ. ಬೆಂಕಿಯಲ್ಲಿ ಹಾಕಿದರೆ ಹೊಗೆಯಾಗಿ ಎದ್ದು ಪಕ್ಕದ ಹೊಲಕ್ಕೆ ಇಳಿಯುವುದು. ನೀರಿಗೆ ಹಾಕಿದರೆ ಕೆಸರಿನಲ್ಲಿ ಕೂಡುವುದು. ನೆಲಕ್ಕೆ ಚೆಲ್ಲಿದರೆ ಮೇಲುಮಣ್ಣಿಗೆ ಅಂಟಿಕೊಂಡು, ಚೆಲ್ಲಿದವನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುವುದು. ಪಾಪವು ಅನುಭವಿಸದೆ ತೀರದೆಂದು ಹೇಳುವುದುಂಟಷ್ಟೆ? ಸೀಸವನ್ನು ನೋಡಿದರೆ ಆ ಮಾತು ಕಣ್ಣಿಗೆ ಕಟ್ಟಿದಂತಾಗುತ್ತದೆ; ಆದರೆ ಇಲ್ಲಿ ಮಾಡುವವನೊಬ್ಬ, ಅನುಭವಿಸುವವನು ಮತ್ತೊಬ್ಬ.

ನಮ್ಮ ದಕ್ಷಿಣ ಬೆಂಗಳೂರಿನ ನೆಲಕ್ಕೆ ಇದು ಎಲ್ಲಿಂದ ಬಂದಿತೆಂದು ವಿಚಾರಿಸೋಣ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಾಗ ಇದು ಹಳ್ಳಿಗಳ ಸೀಮೆಯಾಗಿತ್ತು. ಯಡಿಯೂರು, ಸಾರಕ್ಕಿ, ಭೈರಸಂದ್ರ, ಕತ್ತರಿಗುಪ್ಪೆ, ಪುಟ್ಟೇನಹಳ್ಳಿ, ಮಡಿವಾಳ, ತಾವರೆಕೆರೆ ಎಂಬ ಹೆಸರುಗಳು ಇಂದು ಬಡಾವಣೆಗಳ ಬೋರ್ಡುಗಳಲ್ಲಿ ಉಳಿದಿವೆ. ಒಂದು ಕಾಲಕ್ಕೆ ಇವು ಕೆರೆ, ಗದ್ದೆ, ಗೋಮಾಳಗಳುಳ್ಳ ಊರುಗಳಾಗಿದ್ದವು. ಇಂದಿಗೂ ಬನಶಂಕರಿಯ ಆಚೆ, ಉತ್ತರಹಳ್ಳಿಯ ಕಡೆ, ಕನಕಪುರದ ದಾರಿಯ ಬದಿಯ ಖಾಲಿ ನಿವೇಶನಗಳಲ್ಲಿ ಕುರಿಯ ಮಂದೆಗಳನ್ನು ಕಾಣಬಹುದು. ಗೋಮಾಳವು ಹೋದರೂ ಕುರಿ ಹೋಗಿಲ್ಲ. ಮನೆ ಕಟ್ಟುವವರೆಗೆ ಹುಲ್ಲು ಬೆಳೆಯುವ ನಿವೇಶನಗಳೇ ಈಗ ಅದರ ಗೋಮಾಳ. ನಾವು ಕಸ ಎಸೆಯುವ ಸ್ಥಳವೂ ಅದೇ.

ಈ ನೆಲಕ್ಕೆ ಸೀಸವು ನಾಲ್ಕು ದಾರಿಗಳಿಂದ ಬಂದಿತು. ಮೊದಲನೆಯದು ಪೆಟ್ರೋಲು. ಎಂಜಿನ್ನು ಸದ್ದಿಲ್ಲದೆ ಓಡಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ೨೦೦೦ದ ಇಸವಿಯಲ್ಲಿ ನಮ್ಮ ದೇಶದಲ್ಲೆಲ್ಲ ಅದು ನಿಂತಿತು. ೨೦೨೧ರಲ್ಲಿ ಆಲ್ಜೀರಿಯ ದೇಶವೂ ಕೈಬಿಟ್ಟ ಮೇಲೆ ಪ್ರಪಂಚದಲ್ಲಿ ಎಲ್ಲಿಯೂ ವಾಹನಗಳಿಗೆ ಅಂತಹ ಪೆಟ್ರೋಲು ಮಾರಾಟವಾಗುತ್ತಿಲ್ಲ. ಇದು ಸಂತೋಷದ ವಿಷಯವೇ ಸರಿ. ಆದರೆ ಅಷ್ಟು ವರ್ಷ ರಸ್ತೆಯ ಇಕ್ಕೆಲಗಳಲ್ಲಿ ಇಳಿದ ಸೀಸವು ಮಣ್ಣಿನಿಂದ ಎದ್ದುಹೋಗಿಲ್ಲ. ಎರಡನೆಯದು ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮವು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕೆ ಹಿಂದೆ ಬಳಿದ ಬಣ್ಣವನ್ನು ಈಗ ಕೆರೆದು ತಿಪ್ಪೆಗೆ ಹಾಕುವವರುಂಟು. ಗಣಪತಿಯ ವಿಗ್ರಹಗಳಿಗೆ ಹಚ್ಚಿದ ರಾಸಾಯನಿಕ ಬಣ್ಣಗಳು ವರ್ಷ ವರ್ಷವೂ ನಮ್ಮ ಕೆರೆಗಳ ತಳವನ್ನು ಸೇರಿದುದನ್ನು ಮರೆಯಲಾಗದು.

ಮೂರನೆಯದು ಕೊಳಚೆಯ ನೀರು. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟಿತೆಂಬುದು ಪ್ರತೀತಿ. ನಂದಿಯ ಹೆಸರನ್ನೇ ಹೊತ್ತ ಆ ಹೊಳೆಯು ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ಹಾದು, ಬಿಡದಿಯ ಬಳಿಯ ಭೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಇಂದು ಅದರಲ್ಲಿ ಹರಿಯುವುದು ಪಟ್ಟಣದ ಕೊಳಚೆಯೂ ಕಾರ್ಖಾನೆಗಳ ಕಷಾಯವೂ. ಆ ನೀರಿನಲ್ಲಿಯೂ ಕೆಸರಿನಲ್ಲಿಯೂ ಭಾರಲೋಹಗಳಿರುವುದನ್ನು ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ಬೇರೆ ನೀರಿಲ್ಲದ ರೈತರು ಅದನ್ನೇ ಹಾಯಿಸಿ ಮೇವನ್ನೂ ತರಕಾರಿಯನ್ನೂ ಬೆಳೆಯುತ್ತಾರೆ. ಆ ಮೇವನ್ನು ತಿಂದ ಹಸುವಿನ ಹಾಲು ಮತ್ತೆ ಪಟ್ಟಣಕ್ಕೆ ಬರುತ್ತದೆ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದನ್ನು ನಾವು ಪುರಾಣದಲ್ಲಿ ಓದಿ ತಲೆದೂಗುತ್ತೇವೆ. ಕಟ್ಟಿಸಿದ ಕೆರೆಯನ್ನು ಕೆಡಿಸಿದವರ ಪುರಾಣವನ್ನು ಯಾರು ಬರೆಯಬೇಕು?

ನಾಲ್ಕನೆಯದು ಬ್ಯಾಟರಿ. ಇಂದು ಪ್ರಪಂಚದಲ್ಲಿ ಬಳಕೆಯಾಗುವ ಸೀಸದಲ್ಲಿ ಬಹುಪಾಲು ಇದಕ್ಕೇ ಹೋಗುತ್ತದೆ. ಕಾರು, ಆಟೋ, ಮನೆಯ ಇನ್ವರ್ಟರು, ಸೌರದೀಪಗಳಲ್ಲಿರುವ ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಮೇಲ್ಪಟ್ಟು ಸೀಸವೇ. ಬಳಸಿ ಮುಗಿದ ಬ್ಯಾಟರಿಯ ಸೀಸವನ್ನು ಮತ್ತೆ ತೆಗೆದು ಬಳಸಬಹುದು. ಸರಿಯಾದ ಕುಲುಮೆಯಲ್ಲಿ, ಹೊಗೆಯನ್ನು ಹಿಡಿದಿಡುವ ವ್ಯವಸ್ಥೆಯೊಡನೆ ಮಾಡಿದರೆ ಇದು ಒಳ್ಳೆಯ ಕೆಲಸವೇ. ಆದರೆ ಗುಡಿಸಲಿನ ಮರೆಯಲ್ಲಿ ಕೊಡಲಿಯಿಂದ ಒಡೆದು, ಆಮ್ಲವನ್ನು ನೆಲಕ್ಕೆ ಸುರಿದು, ಒಳಗಿನ ತಟ್ಟೆಗಳನ್ನು ಬಾಂಡಲಿಯಲ್ಲಿ ಕರಗಿಸುವವರೂ ಇದ್ದಾರೆ. ಅಲ್ಲಿ ಏಳುವ ಹೊಗೆ ಸುತ್ತಲಿನ ಹುಲ್ಲಿನ ಮೇಲೆ ಕೂರುತ್ತದೆ.

ಹುಲ್ಲಿನಿಂದ ಕುರಿಗೆ ಹೋಗುವ ಬಗೆಯನ್ನು ಈಗ ಹೇಳುತ್ತೇನೆ. ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಮಠದ ಭಕ್ತರಾದ ನಿವೃತ್ತ ಪಶುವೈದ್ಯರೊಬ್ಬರು. ಹುಲ್ಲಿನ ಬೇರು ಸೀಸವನ್ನು ಹೆಚ್ಚಾಗಿ ಮೇಲಕ್ಕೆಳೆದುಕೊಳ್ಳುವುದಿಲ್ಲ. ಅಪಾಯವಿರುವುದು ಎಲೆಯ ಮೇಲೆ ಕುಳಿತ ಧೂಳಿನಲ್ಲಿ, ಬುಡಕ್ಕೆ ಅಂಟಿದ ಮಣ್ಣಿನಲ್ಲಿ. ಹಸುವು ನಾಲಗೆಯಿಂದ ಹುಲ್ಲನ್ನು ಸುತ್ತಿ ಎತ್ತರದಲ್ಲಿ ಕಿತ್ತುಕೊಳ್ಳುತ್ತದೆ. ಕುರಿಯಾದರೋ ತನ್ನ ಸೀಳಿದ ಮೇಲ್ದುಟಿಯಿಂದ ನೆಲಕ್ಕೆ ಮೂತಿಯಿಟ್ಟು ಬುಡದವರೆಗೆ ಮೇಯತಕ್ಕ ಪ್ರಾಣಿ. ಬೇಸಿಗೆಯಲ್ಲಿ ಹುಲ್ಲು ಗಿಡ್ಡವಾದಾಗ ಅದು ತಿನ್ನುವ ಮೇವಿನಲ್ಲಿ ಹತ್ತರಲ್ಲೊಂದು ಪಾಲಿಗೂ ಮೀರಿ ಮಣ್ಣೇ ಇರಬಹುದಂತೆ. ಹಾಗೆ ಹೋದ ಲೋಹದ ಚೂರುಗಳು ಜೇನುಗೂಡಿನಂತಹ ಎರಡನೆಯ ಹೊಟ್ಟೆಯಲ್ಲಿ ತಂಗಿ, ದಿನದಿನವೂ ಕೊಂಚಕೊಂಚ ಕರಗುತ್ತವೆ. ಬೆಳೆದ ಕುರಿಯ ರಕ್ತಕ್ಕೆ ಸೇರುವುದು ತಿಂದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಹಾಲು ಕುಡಿಯುವ ಮರಿಗಾದರೋ ಅದಕ್ಕಿಂತ ಎಷ್ಟೋ ಹೆಚ್ಚು. ಶರೀರವು ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಗಬ್ಬವಾದಾಗ, ಹಾಲೂಡುವಾಗ ಎಲುಬಿನಿಂದ ಸುಣ್ಣದೊಡನೆ ಅದೂ ಹೊರಟು ಹೊಟ್ಟೆಯ ಮರಿಗೂ ಮೊಲೆಯ ಹಾಲಿಗೂ ಸೇರುತ್ತದೆ. ತಾಯಿಯು ತಾನು ಎಂದೋ ತಿಂದ ವಿಷವನ್ನು ಅಮೃತವೆಂದು ಮಗುವಿಗೆ ಊಡುತ್ತಾಳೆ. ಇದಕ್ಕಿಂತ ದಾರುಣವಾದುದು ಯಾವುದಿದೆ?

ರೋಗದ ಲಕ್ಷಣಗಳನ್ನೂ ಕುರಿ ಸಾಕುವವರ ಉಪಯೋಗಕ್ಕಾಗಿ ಹೇಳಿಬಿಡುತ್ತೇನೆ. ಮೊದಲು ಮೇವು ಬಿಡುತ್ತದೆ, ಹಿಕ್ಕೆ ಕಡಮೆಯಾಗುತ್ತದೆ, ಹೊಟ್ಟೆನೋವಿನಿಂದ ಬೆನ್ನು ಬಾಗಿಸಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ. ರಕ್ತ ಕಡಮೆಯಾಗಿ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಗಬ್ಬವು ಕಂದಿಹೋಗುತ್ತದೆ. ವಿಷವು ತಲೆಗೇರಿದರೆ ಕಣ್ಣು ಕಾಣದೆ ಸುತ್ತುತ್ತದೆ, ಗೋಡೆಗೋ ಮರಕ್ಕೋ ಹಣೆಯೊತ್ತಿ ನಿಂತುಬಿಡುತ್ತದೆ. ಮರಿಗಳು ಬೆಳೆಯದೆ ಕುಂಟುತ್ತವೆ. ಇವೆಲ್ಲವೂ ಬೇರೆ ರೋಗಗಳಲ್ಲಿಯೂ ಕಾಣಬಹುದಾದುದರಿಂದ ರಕ್ತವನ್ನು ಪರೀಕ್ಷಿಸಿ, ಸತ್ತದ್ದಾದರೆ ಪಿತ್ತಜನಕಾಂಗ ಮೂತ್ರಪಿಂಡಗಳನ್ನು ಪರೀಕ್ಷಿಸಿಯೇ ನಿರ್ಣಯಿಸಬೇಕು.

ಇಂಗ್ಲೆಂಡಿನ ಉತ್ತರದ ಪೆನೈನ್ ಬೆಟ್ಟಗಳಲ್ಲಿ ಪೂರ್ವದಲ್ಲಿ ಸೀಸದ ಗಣಿಗಳಿದ್ದವು. ಆ ಹಳೆಯ ಗಣಿಗಳ ಸೀಮೆಯ ಹೊಲಗಳಲ್ಲಿ ಕುರಿಮರಿಗಳು ಕುಂಟುತ್ತಲೂ ಸೊರಗುತ್ತಲೂ ಇದ್ದುದನ್ನು ೧೯೫೬ರಲ್ಲಿ ಅಲ್ಲಿನ ಪಶುವೈದ್ಯರು ತಮ್ಮ ಪತ್ರಿಕೆಯಲ್ಲಿ ವರದಿಮಾಡಿದರು. ಮರುವರ್ಷ ಮತ್ತೊಂದು ವರದಿಯಲ್ಲಿ ಗಣಿಸೀಮೆಯ ಮರಿಗಳ ಎಲುಬುಗಳು ಸವೆದು ಟೊಳ್ಳಾಗುವುದನ್ನು ಹೇಳಿದರು. ಅಗೆದವರು ಹೋಗಿದ್ದರು, ಲಾಭವೂ ಮುಗಿದಿತ್ತು, ಸೀಸ ಮಾತ್ರ ಹುಲ್ಲಿನ ಬುಡದಲ್ಲಿ ಕಾದಿತ್ತು. ಆಸ್ಟ್ರೇಲಿಯದ ಎಸ್ಪೆರೆನ್ಸ್ ಎಂಬ ಬಂದರಿನಲ್ಲಿ ೨೦೦೬ರ ಕೊನೆಗೆ ಸಾವಿರಾರು ಹಕ್ಕಿಗಳು ಸತ್ತುಬಿದ್ದವು. ಕಾರಣವನ್ನು ಹುಡುಕಿದಾಗ, ಹಡಗಿಗೆ ತುಂಬುತ್ತಿದ್ದ ಸೀಸದ ಅದಿರಿನ ಧೂಳು ಊರಿನ ಮೇಲೆಲ್ಲ ಇಳಿದಿತ್ತೆಂಬುದೂ, ಮಕ್ಕಳ ರಕ್ತದಲ್ಲಿಯೂ ಸೀಸವು ಏರಿತ್ತೆಂಬುದೂ ಹೊರಬಿದ್ದಿತು. ಹಕ್ಕಿಗಳು ಸಾಯದಿದ್ದರೆ ಆ ಊರಿನವರಿಗೆ ಇನ್ನೆಷ್ಟು ಕಾಲ ತಿಳಿಯದೆ ಹೋಗುತ್ತಿತ್ತೋ! ಮೂಕಪ್ರಾಣಿಗಳು ನಮಗಿಂತ ಮೊದಲು ನೆಲಕ್ಕೆ ಬಾಯಿಡುತ್ತವೆ. ಆದಕಾರಣ ನಮಗಿಂತ ಮೊದಲು ಬೀಳುತ್ತವೆ.

ಇನ್ನು ನಮ್ಮ ಬಯಲಿನ ಸಂಗತಿ. ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯ ಕುರಿಗಾಹಿಯು ತನ್ನ ಮಂದೆಯೊಡನೆ ಬಂದು, ಪ್ರತಿವರ್ಷದಂತೆ ಮಠದ ಆಚೆಯ ಖಾಲಿ ನಿವೇಶನಗಳಲ್ಲಿ ತಂಗಿದನು. ಒಂದು ಮುಂಗಾರುಪೂರ್ವ ಮಳೆಯಿಂದ ಅಲ್ಲಲ್ಲಿ ಎಳೆಹುಲ್ಲು ಮೂಡಿತ್ತು. ಎರಡು ಮೂರು ವಾರಗಳ ಮೇಲೆ ಅವನು ಬೆಳಗಿನ ಹೊತ್ತು ಮಠದ ಬಾಗಿಲಿಗೆ ಬಂದು ಕೈಮುಗಿದು, “ಬುದ್ಧೀ, ಯಾವುದೋ ಗಾಳಿ ಸೋಕೈತೆ. ಎರಡು ಕುರಿ ಕಂದು ಹಾಕವೆ. ಒಂದಷ್ಟು ಕಣ್ ಕಾಣ್ದಂಗೆ ಕಾಂಪೌಂಡಿಗೆ ತಲೆ ಕೊಟ್ಕೊಂಡು ನಿಂತವೆ. ಒಸಿ ಇಬೂತಿ ಕೊಡಿ” ಎಂದನು. ನಾನು ವಿಭೂತಿಯನ್ನು ಕೊಟ್ಟೆನು. ನನಗೆ ತಿಳಿದಿದ್ದುದು ಅಷ್ಟೇ. ಸುದೈವದಿಂದ ಅಂದು ಸೋಮವಾರವಾದ್ದರಿಂದ ಮೇಲೆ ಹೇಳಿದ ಪಶುವೈದ್ಯರು ದರ್ಶನಕ್ಕೆ ಬಂದಿದ್ದರು. ಅವರು ಬಯಲಿಗೆ ನಡೆದು ಕುರಿಗಳನ್ನು ನೋಡಿದರು. “ಇಲ್ಲಿ ಹತ್ತಿರದಲ್ಲಿ ಯಾರಾದರೂ ಬ್ಯಾಟರಿ ಒಡೆಯುತ್ತಾರೆಯೇ?” ಎಂದು ಅವರು ಮೊದಲು ಕೇಳಿದ ಪ್ರಶ್ನೆ ನನಗೆ ಒಗಟಿನಂತೆ ಕೇಳಿಸಿತು. ಕುರಿಗಾಹಿಯು ಮಾತನಾಡದೆ ಬಯಲಿನ ತುದಿಯ ತಗಡಿನ ಮರೆಯನ್ನು ತೋರಿಸಿದನು. ಸತ್ತ ಕುರಿಯ ಮೂತ್ರಪಿಂಡವನ್ನು ಪ್ರಯೋಗಶಾಲೆಗೆ ಕಳುಹಿಸಿದಾಗ ಅವರ ಊಹೆಯು ನಿಜವೆಂದು ತಿಳಿಯಿತು.

ಅದಕ್ಕೆ ಮೊದಲೇ, ಅಂದೇ, ನಾವಿಬ್ಬರೂ ತಗಡಿನ ಮರೆಗೆ ಹೋದೆವು. ಒಡೆದ ಕಪ್ಪು ಪೆಟ್ಟಿಗೆಗಳ ರಾಶಿ, ಬೂದಿಬಣ್ಣದ ನೆಲ, ಹೊಗೆ ಹಿಡಿದ ಬಾಂಡಲಿ. ಗಂಡಹೆಂಡಿರಿಬ್ಬರು ಕೆಲಸ ಮಾಡುತ್ತಿದ್ದರು. ಇನ್ನೂ ಅಂಬೆಗಾಲಿಡುವ ಮಗುವೊಂದು ಆ ನೆಲದ ಮೇಲೆಯೇ ಆಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗುಜರಿಯವನು ನನ್ನನ್ನು ಕಂಡೊಡನೆ ನಕ್ಕು, “ಏನ್ ಬುದ್ಧೀ, ಮಠದಲ್ಲಿ ಇನ್ನೂ ಹಳೇ ಬ್ಯಾಟರಿ ಅವೆಯಾ?” ಎಂದು ಕೇಳಿದನು.

ಮಹಾಜನರೇ, ಪಾಠಶಾಲೆಯ ಉಗ್ರಾಣದ ಮೇಲ್ವಿಚಾರಣೆಯು ಹಲವು ವರ್ಷಗಳಿಂದ ನನ್ನದು. ಇನ್ವರ್ಟರಿನ ಬ್ಯಾಟರಿಗಳು ಹಳತಾದಾಗಲೆಲ್ಲ, ಹೊಸದನ್ನು ಮಾರುವ ಅಂಗಡಿಯವರು ಹಳೆಯದನ್ನು ಹಿಂದಕ್ಕೆ ಕೊಡಿರೆಂದು ಕೇಳುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ಬಾಗಿಲಿಗೆ ಬರುವ ಗುಜರಿಯವನು ಒಂದೊಂದಕ್ಕೆ ಕೆಲವು ನೂರು ರೂಪಾಯಿ ಹೆಚ್ಚು ಕೊಡುತ್ತಿದ್ದನು. ಆ ಹಣವನ್ನು ನಾನು ಅನ್ನದಾಸೋಹದ ಲೆಕ್ಕಕ್ಕೆ ಜಮಾ ಮಾಡಿ, ಮಠಕ್ಕೆ ಉಳಿತಾಯ ಮಾಡಿದೆನೆಂದು ಹೆಮ್ಮೆಪಟ್ಟುಕೊಂಡಿದ್ದೆನು. ಅವನು ಹೆಚ್ಚು ಕೊಡಲು ಹೇಗೆ ಸಾಧ್ಯವಾಯಿತೆಂದು ಒಂದು ದಿನವೂ ಯೋಚಿಸಲಿಲ್ಲ. ಹೊಗೆ ಹಿಡಿಯುವ ಕುಲುಮೆಗೆ, ಆಮ್ಲ ತಡೆಯುವ ತೊಟ್ಟಿಗೆ, ಕೂಲಿಯವನ ರಕ್ಷಣೆಗೆ ಆಗಬೇಕಾದ ಖರ್ಚನ್ನು ಅವನು ಉಳಿಸಿದ್ದನು. ಆ ಉಳಿತಾಯದಲ್ಲಿ ಒಂದು ಪಾಲು ನನಗೆ ಬಂದಿತ್ತು. ಉಳಿದ ಸಾಲವನ್ನು ಕುರಿಗಳು ತೀರಿಸಿದವು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಾನು ಎಷ್ಟು ಸಲ ವಿದ್ಯಾರ್ಥಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ದಾಸೋಹಕ್ಕೇ ಆದರೂ ಬೇಡವೆಂದು, ಹಿಂದಿರುಗಿಸಿ ಬಾರೆಂದು ಲಕ್ಕಮ್ಮನು ಗಂಡನನ್ನು ಕಳುಹಿಸಿದಳು. ನಾನು ತಂದ ಹೆಚ್ಚಿನ ಹಣವನ್ನು ನೋಡಿದ್ದರೆ ಆ ಮಹಾತಾಯಿಯು ಏನೆನ್ನುತ್ತಿದ್ದಳು? ಮೂವತ್ತು ವರ್ಷ ಹೇಳಿದ ಪಾಠವು ನನಗೆ ಅರ್ಥವಾದದ್ದು ಆ ತಗಡಿನ ಮರೆಯಲ್ಲಿ.

ಮುಂದೆ ನಡೆದುದನ್ನು ಚಿಕ್ಕದಾಗಿ ಹೇಳುತ್ತೇನೆ. ಶ್ರೀಗಳವರ ಅಪ್ಪಣೆಯಂತೆ ಕುರಿಗಾಹಿಗೆ ಸತ್ತ ಕುರಿಗಳ ಬೆಲೆಯನ್ನು ಮಠದಿಂದ ಕೊಡಲಾಯಿತು. ಅವನು ಮೊದಲು ಒಲ್ಲೆನೆಂದನು. ಇದು ದಾನವಲ್ಲ, ಸಾಲವೆಂದು ಹೇಳಿದ ಮೇಲೆ ತೆಗೆದುಕೊಂಡನು. ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿದೆವು. ಒಂದು ವಾರದೊಳಗಾಗಿ ತಗಡಿನ ಮರೆ ಖಾಲಿಯಾಯಿತು. ಆ ಮಗುವಿನ ರಕ್ತವನ್ನು ಪರೀಕ್ಷಿಸಬೇಕೆಂದು ವೈದ್ಯರು ಏರ್ಪಾಡು ಮಾಡುವಷ್ಟರಲ್ಲಿ ಆ ಕುಟುಂಬವು ಎಲ್ಲಿಗೋ ಹೊರಟುಹೋಗಿತ್ತು. ಅವರು ಇಂದು ಯಾವ ಊರಿನ ಯಾವ ಬಯಲಿನಲ್ಲಿ ಬಾಂಡಲಿ ಹೂಡಿದ್ದಾರೋ ತಿಳಿಯದು. ನಮ್ಮ ಬಯಲಿನ ಬೂದಿನೆಲವು ಮಾತ್ರ ಇಲ್ಲಿಯೇ ಇದೆ. ಅದಕ್ಕೆ ಬೇಲಿ ಹಾಕಿಸಿದ್ದೇವೆ. ಮೇಲುಮಣ್ಣನ್ನು ಸರಿಯಾದ ರೀತಿಯಲ್ಲಿ ತೆಗೆಸುವ ಪ್ರಯತ್ನವು ನಡೆದಿದೆ.

ನಾವು ಮಾಂಸವನ್ನು ಮುಟ್ಟದವರು. ಕುರಿಯ ವಿಷದಿಂದ ನಮಗೇನೆಂದು ಯಾರಾದರೂ ಕೇಳಬಹುದು. ಮೊದಲನೆಯದಾಗಿ, ನಮಗೇನೆಂದು ಕೇಳುವುದೇ ಶರಣಧರ್ಮಕ್ಕೆ ಸಲ್ಲದು. ಎರಡನೆಯದಾಗಿ, ಹಾಲು ನಮ್ಮದೇ, ಸೊಪ್ಪು ನಮ್ಮದೇ, ಧೂಳು ನಮ್ಮದೇ. ಬೆಂಗಳೂರಿನ ಜಾರ್ಜ್ ಫೌಂಡೇಷನ್ ಸಂಸ್ಥೆಯವರು ದೇಶದ ದೊಡ್ಡ ಪಟ್ಟಣಗಳಲ್ಲಿ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಅಂದಿನ ಮಿತಿಯನ್ನು ಮೀರಿತ್ತು. ಆ ಕಾರ್ಯದಲ್ಲಿ ದುಡಿದ ಡಾ. ತುಪ್ಪಿಲ್ ವೆಂಕಟೇಶರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸವಿಷಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ಬೆಳೆಸಿದರು. ಅದು ನಮ್ಮ ಮಡಿವಾಳಕ್ಕೆ ಕೂಗಳತೆಯ ದೂರದಲ್ಲಿದೆ. ೨೦೨೦ರಲ್ಲಿ ಯುನಿಸೆಫ್ ಸಂಸ್ಥೆಯ ವರದಿಯು ಪ್ರಪಂಚದ ಮಕ್ಕಳಲ್ಲಿ ಮೂವರಿಗೊಬ್ಬರಂತೆ, ಸುಮಾರು ೮೦ ಕೋಟಿ ಮಕ್ಕಳ ರಕ್ತದಲ್ಲಿ ಆತಂಕಪಡುವಷ್ಟು ಸೀಸವಿದೆಯೆಂದು ಹೇಳಿತು. ಮಗುವಿನ ಮೆದುಳಿಗೆ ತಗಲ್ಪಟ್ಟ ಹಾನಿಯು ಮತ್ತೆ ಸರಿಹೋಗುವುದಿಲ್ಲ. ಪಾಠಶಾಲೆಯಲ್ಲಿ ಪಾಠ ತಲೆಗೆ ಹತ್ತದ ಹುಡುಗನನ್ನು ಮಂದನೆಂದು ಗದರಿದವನು ನಾನು. ಅವನು ಯಾವ ನೆಲದ ಮೇಲೆ ಅಂಬೆಗಾಲಿಟ್ಟಿದ್ದನೆಂದು ಕೇಳಿದವನಲ್ಲ.

ಕಾಯಕವೆಂಬ ಶಬ್ದವನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ದುಡಿದದ್ದೆಲ್ಲ ಕಾಯಕವಲ್ಲ. ಕೈಯಿಂದ ಹೊರಬಿದ್ದ ವಸ್ತುವು ಎಲ್ಲಿಗೆ ಹೋಗಿ ನಿಲ್ಲುವುದೆಂಬ ಅರಿವಿನೊಡನೆ ಮಾಡಿದ್ದು ಕಾಯಕ. ಬಡಿಸಿದ್ದೆಲ್ಲ ದಾಸೋಹವೂ ಅಲ್ಲ. ಒಬ್ಬರ ಮೇವನ್ನು ಕೆಡಿಸಿ ಬಂದ ಹಣದಿಂದ ಮತ್ತೊಬ್ಬರಿಗೆ ಉಣಬಡಿಸಿದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಗುಜರಿಯವನನ್ನು ಬೈದು ನಾವು ಶುದ್ಧರಾಗಲಾರೆವು. ಅವನು ಬಡವ, ಬ್ಯಾಟರಿಯನ್ನು ಬಳಸಿದವರು ನಾವು.

ಆದ್ದರಿಂದ ಈ ಮಹೋತ್ಸವದ ನೆನಪಿಗೆ, ಶ್ರೀಗಳವರ ಒಪ್ಪಿಗೆಯಿಂದ, ನಮ್ಮ ಮಠದಲ್ಲಿಯೂ ಶಾಖಾಮಠಗಳಲ್ಲಿಯೂ ಕೈಗೊಂಡಿರುವ ಕೆಲವು ನಿಯಮಗಳನ್ನು ನಿವೇದಿಸುತ್ತೇನೆ. ಭಕ್ತರೂ ತಮ್ಮ ಮನೆಗಳಲ್ಲಿ ಪಾಲಿಸಬೇಕೆಂದು ಪ್ರಾರ್ಥನೆ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ ರಸೀತಿ ಪಡೆಯತಕ್ಕದ್ದು. ೨೦೦೧ರ ಮತ್ತು ೨೦೨೨ರ ಸರ್ಕಾರದ ನಿಯಮಗಳ ಆಶಯವೂ ಇದೇ ಆಗಿದೆ. ಬಾಗಿಲಿಗೆ ಬಂದವನು ಎಷ್ಟು ಹೆಚ್ಚು ಕೊಟ್ಟರೂ ಕೊಡತಕ್ಕದ್ದಲ್ಲ. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆದು ಧೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆದು, ಚೀಲದಲ್ಲಿ ಕಟ್ಟಿ, ಅಪಾಯದ ಕಸವೆಂದು ಬೇರೆಯಾಗಿ ಒಪ್ಪಿಸತಕ್ಕದ್ದು. ಮಠದ ಪರವಾಗಿ ಕೂರಿಸುವ ಗಣಪತಿಯು ಬಣ್ಣವಿಲ್ಲದ ಹಸಿಮಣ್ಣಿನದಾಗಿರತಕ್ಕದ್ದು. ಗೋಶಾಲೆಗೆ ಮೇವನ್ನು ಕೊಳ್ಳುವಾಗ ಅದು ಯಾವ ನೀರಿನಲ್ಲಿ ಬೆಳೆಯಿತೆಂದು ಕೇಳಿ ಕೊಳ್ಳತಕ್ಕದ್ದು. ಬಯಲಿನಲ್ಲಿ ತಗಡಿನ ಮರೆಯಿಂದ ಹೊಗೆ ಏಳುತ್ತಿದ್ದರೆ ಕಂಡವರು ಸುಮ್ಮನಿರತಕ್ಕದ್ದಲ್ಲ; ಅಲ್ಲಿ ದುಡಿಯುವವರ ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುವ ಖರ್ಚನ್ನು ಮಠವು ವಹಿಸುವುದು.

ಈಗ ಬೇಸಿಗೆಯು ಮತ್ತೆ ಹತ್ತಿರವಾಗುತ್ತಿದೆ. ಆ ಕುರಿಗಾಹಿಯು ಹೋಗುವಾಗ, “ಬುದ್ಧೀ, ಬರೋ ವರ್ಷ ಎಲ್ಲಿ ಇಳ್ಕಳ್ಳಲಿ? ಯಾವ ಹುಲ್ಲು ಒಳ್ಳೇದು ಅಂತ ತಾವೇ ಹೇಳ್ಬೇಕು” ಎಂದು ಕೇಳಿದನು. ಷಟ್‌ಸ್ಥಲವನ್ನು ಬಲ್ಲೆನೆಂದುಕೊಂಡಿದ್ದ ನನ್ನಲ್ಲಿ ಅವನ ಪ್ರಶ್ನೆಗೆ ಉತ್ತರವಿರಲಿಲ್ಲ. ಮಠದ ಹಿತ್ತಿಲಿನ ಎರಡು ಎಕರೆಯ ಮಣ್ಣನ್ನು ಈಗ ಪರೀಕ್ಷೆ ಮಾಡಿಸಿದ್ದೇವೆ, ಅದು ಶುದ್ಧವಾಗಿದೆ. ಈ ವರ್ಷ ಅವನ ಮಂದೆಯು ಅಲ್ಲಿ ಇಳಿಯಲಿ ಎಂದು ಶ್ರೀಗಳವರು ಅಪ್ಪಣೆ ಕೊಟ್ಟಿದ್ದಾರೆ. ಅವನಿಗೆ ಹೇಳಿಕಳುಹಿಸಿದ್ದೇನೆ.

 ಮಾತಿನಲ್ಲಿ ದೋಷವಿದ್ದರೆ ಮನ್ನಿಸಬೇಕು. ನಡತೆಯಲ್ಲಿದ್ದ ದೋಷವನ್ನು ತಿದ್ದಿಕೊಳ್ಳಲು ಹರಸಬೇಕು.

ಶಿವಾರ್ಪಣಮಸ್ತು.